ಗೆಪ್ಪಿಯೊ ಕಾರಿನ ಬಾಲ

ಇಟಲಿಯ ಮೊದೆನಾ ಊರಿನಲ್ಲಿ ಕಾರಿನ ಎಲ್ಲ ಕಾಯಿಲೆಗೂ ಒಂದೇ ಮದ್ದು: ಇಂಜಿನ್ನಿಗೆ ಇನ್ನಷ್ಟು ಬಲ. ಗೆಪ್ಪಿಯೊ ಎಂಬ ಕೆಂಪು ಓಟದ ಕಾರಿಗೂ ಯಜಮಾನ ಗಾರುತಿ ಅದನ್ನೇ ಕುಡಿಸುತ್ತ ಬಂದಿದ್ದರು. ಮೊದಲು ಮಾಡಿದ ಗೆಪ್ಪಿಯೊ ಕಾದು ಕೆಂಡವಾಗಿ ನಡುದಾರಿಯಲ್ಲಿ ನಿಂತಿತು. ಎರಡನೆಯದು ಓಡಿತು, ಗೆಲ್ಲಲಿಲ್ಲ. ೧೯೬೧ರಲ್ಲಿ ಮಾಡಿದ ಮೂರನೆಯದಕ್ಕೆ ಬಲವೇನೋ ಬೇಕಾದಷ್ಟಿತ್ತು. ವೇಗ ಏರಿತೆಂದರೆ ಹಿಂಭಾಗ ನೆಲ ಬಿಟ್ಟು ತೇಲುತ್ತಿತ್ತು. ಮೋಂಜಾದ ಪಂದ್ಯದಲ್ಲೂ ಸೋತರೆ ಗೆಪ್ಪಿಯೊ ಮಾಡುವುದನ್ನೇ ನಿಲ್ಲಿಸುವುದಾಗಿ ಗಾರುತಿ ಹೇಳಿಬಿಟ್ಟಿದ್ದರು.

ಆ ಹಿಂಭಾಗ ಗಾರುತಿಯವರ ತಗಡು ಕೆಲಸದವ ಎರ್ಮೆಸ್‌ನ ಕೈಕೆಲಸ. ಮರಳಿನ ಚೀಲದ ಮೇಲೆ ಅಲ್ಯೂಮಿನಿಯಂ ತಗಡಿಟ್ಟು, ಸುತ್ತಿಗೆಯಲ್ಲಿ ತಟ್ಟಿ ತಟ್ಟಿ, ನೀಳವಾಗಿ ಇಳಿಯುವ ಬಾಲ ಮಾಡಿದ್ದ. ಚರ್ಚಿನಿಂದ ಹೊರಟ ಮುದುಕಿಯರೂ ನಿಂತು ಅದನ್ನು ಸವರಿ ಹೋಗುತ್ತಿದ್ದರು. ಅವನ ಜಂಬಕ್ಕೆ ಕೇಳಬೇಕೆ!

"ಭಾವ, ನಿನ್ನ ಬಾಲ ನನ್ನನ್ನ ನೇರವಾಗಿ ಸ್ವರ್ಗಕ್ಕೆ ಕಳಿಸತ್ತೆ," ಎಂದ ಕಾರು ಓಡಿಸುವ ಡೆಲ್ಮೊ. ಎರ್ಮೆಸ್‌ನ ಹೆಂಡತಿಯ ತಮ್ಮ ಅವನು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಓಡಿಸೋಕೆ ಬರಲ್ಲ ಅನ್ನು!"

"ಬರಲ್ಲ ಅಂತಾನೇ ಇಟ್ಕೊ. ಪಕ್ಕದ ಕಾರಲ್ಲಿ ಕೂತು ನೀನೇ ನೋಡು ಬಾ."

ಗಾಳಿಯ ಓಟ ಕಣ್ಣಿಗೆ ಕಾಣಲೆಂದು ಎರ್ಮೆಸ್‌ನ ಹೆಂಡತಿ ಜೈರಾ ಸ್ವೆಟರ್ ಹೆಣೆಯುವ ಬಿಳಿ ಉಣ್ಣೆಯನ್ನು ಗೇಣುದ್ದ ಕತ್ತರಿಸಿ, ಎಳೆಗಳ ಒಂದು ತುದಿಯನ್ನು ಡೆಲ್ಮೊನ ಕಾರಿನ ಮೈಗೆಲ್ಲ ಅಂಟಿಸಿದಳು. ಊರಾಚೆಯ ಓಟದ ಪಥದಲ್ಲಿ ಆ ಕಾರೂ ಎರ್ಮೆಸ್ ಕೂತ ಹಳೆಯ ಗೆಪ್ಪಿಯೊನೂ ಅಕ್ಕಪಕ್ಕ ಓಡಿದವು. ಮುಂಭಾಗದ ಎಳೆಗಳು ತಗಡಿಗೆ ಒರಗಿ ಮಲಗಿದ್ದವು. ಬಾಲದ ನಡುವಿನಿಂದಾಚೆಗೆ ಮಾತ್ರ ಹುಚ್ಚೆದ್ದು ಮೇಲಕ್ಕೆ ಕುಣಿಯುತ್ತಿದ್ದವು. ಅಲ್ಲಿ ಗಾಳಿ ಕಾರನ್ನು ಒತ್ತುವುದಿರಲಿ, ಹಿಡಿದು ಎತ್ತುತ್ತಿತ್ತು. ಕಾರು ನಿಂತದ್ದೇ ಎರ್ಮೆಸ್ ಇಳಿದು ಬಾಲದ ಬಳಿಗೆ ಹೋದ.

"ಏನ್ರೀ, ಉಣ್ಣೆ ಸುಳ್ಳು ಹೇಳತ್ತಾ?" ಎಂದಳು ಜೈರಾ.

"ಇಲ್ಲ ಕಣೇ. ತಗಡಿನ ಕತ್ತರಿ ಎಲ್ಲಿ?"

ಗಾರುತಿ ಓಡಿ ಬಂದರು. "ತಲೆ ಕೆಟ್ಟಿದೆಯೇನಯ್ಯಾ? ಜನ ಮರುಳಾಗೋದೇ ಆ ಬಾಲಕ್ಕೆ!"

"ಗೆದ್ದ ಕಾರಿಗೆ ಹೇಗಿದ್ರೂ ಮರುಳಾಗ್ತಾರೆ ಸ್ವಾಮಿ. ನನ್ನ ಬಾಲಕ್ಕೋಸ್ಕರ ಆ ಹುಡುಗ ಸಾಯೋದು ಬೇಡ."

ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ. ಎಳೆಗಳು ಎದ್ದು ನಿಂತಿದ್ದ ಜಾಗಕ್ಕೆ ಸರಿಯಾಗಿ ಕತ್ತರಿಸಿ, ಹಿಂದೆ ಚಪ್ಪಟೆ ತಗಡು ಬಡಿದ. ಕೆಲಸ ಮುಗಿಯುವವರೆಗೂ ಅಳುತ್ತಲೇ ಇದ್ದ.

ಮೋಂಜಾದಲ್ಲಿ ನಗೆಯೋ ನಗೆ. "ಮೊದೆನಾದಲ್ಲಿ ತಗಡಿಗೆ ಬರಗಾಲವೇನ್ರಪ್ಪಾ?" ಎಂದು ಪೈಪೋಟಿಗೆ ಬಂದಿದ್ದ ಟ್ಯೂರಿನ್ ಊರಿನ ತಗಡು ಕೆಲಸದವರು ಕೂಗಿದರು.

ಕೊನೆಯ ಸುತ್ತಿನವರೆಗೂ ಡೆಲ್ಮೊ ಎರಡನೆಯವನು. ದೊಡ್ಡ ತಿರುವಿನಲ್ಲಿ ಮುಂದಿದ್ದವನು ವೇಗ ತಗ್ಗಿಸಿದ. ಡೆಲ್ಮೊ ತಗ್ಗಿಸಲಿಲ್ಲ. ಗೆಪ್ಪಿಯೊ ನೆಲಕ್ಕೆ ಅಂಟಿಕೊಂಡೇ ತಿರುಗಿತು, ಮುಂದಿನವನನ್ನು ದಾಟಿತು, ಗೆದ್ದಿತು!

"ಇನ್ಮೇಲೆ ಎಲ್ಲ ಗೆಪ್ಪಿಯೊನೂ ಹೀಗೇ!" ಎಂದು ಗಾರುತಿ ಟೋಪಿ ಎಸೆದರು. ನಕ್ಕಿದ್ದ ಟ್ಯೂರಿನ್ನಿನವರು ಕಾರಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು ಗೇಣು ಹಾಕಿ ಅಳೆಯುತ್ತಿದ್ದರು. ಒಬ್ಬ ತಲೆ ಎತ್ತಿ, "ಇದನ್ನ ಕತ್ತರಿಸಿದವರು ಯಾರು?" ಎಂದು ಕೇಳಿದ.

ಎರ್ಮೆಸ್ ಗುಂಪು ಸೀಳಿಕೊಂಡು ಬಂದು ಎದೆ ತಟ್ಟಿಕೊಂಡ.

"ನಾನು ಕಣಯ್ಯಾ! ಅದನ್ನ ಮಾಡಿದವನೂ ನಾನೇ!"