ಏನೂ ಕೊರತೆಯಿಲ್ಲ, ಮಹಾಸ್ವಾಮಿ

ನಿಕನೋರ್ ಸತ್ತದ್ದು ದೀಪ ಕಟ್ಟುವಾಗ. ಮರುದಿನ ಮಾಂಟೆನೆಗ್ರೊ ರಾಜ್ಯದ ಬಾರ್ ಬಂದರನ್ನು ಮುಟ್ಟಬೇಕಿತ್ತು. ಅಲ್ಲಿನ ದೊರೆ ಇದೀಗ ಅರಸುಪಟ್ಟ ಏರಿದ್ದ. ರಷ್ಯಾದ ಚಕ್ರವರ್ತಿಗಳ ಪರವಾಗಿ ಅವನಿಗೆ ಶುಭ ಕೋರಲು ನಮ್ಮ ಯುದ್ಧನೌಕೆಗಳು ಸಾಲಾಗಿ ಹೊರಟಿದ್ದವು. ಕತ್ತಲಾದ ಮೇಲೆ ದಡದ ಜನ ಬಾಯಿ ಬಿಟ್ಟು ನೋಡುವಂತೆ ಹಡಗೆಲ್ಲ ಝಗಮಗಿಸಬೇಕೆಂದು ಕಪ್ತಾನನ ಆಸೆ. ಆ ಆಸೆ ತೀರಿಸಲೆಂದು ನಿಕನೋರ್ ಮುಂದಿನ ಸ್ತಂಭದ ತುದಿಗೆ ಹತ್ತಿ ವಿದ್ಯುದ್ದೀಪದ ಸರ ಇಳಿಬಿಡುತ್ತಿದ್ದಾಗ ಕಾಲು ಜಾರಿತು. ಕೆಳಗೆ ಇದ್ದದ್ದು ಡೆಕ್ಕಿನ ಕಬ್ಬಿಣದ ಅಟ್ಟ.

ಕೂಡಲೇ ಪ್ರಾಣ ಹೋಗಲಿಲ್ಲ. ಸಂಜೆಯವರೆಗೆ ಜೀವ ಹಿಡಿದುಕೊಂಡು ಮಲಗಿದ್ದ. ಯೆರೊಫೆಯ್ ಅವನ ಪಕ್ಕದಲ್ಲೇ ಕೂತಿದ್ದ. ಇಬ್ಬರೂ ಸುರಾ ನದಿಯ ದಂಡೆಯ ಒಂದೇ ಊರಿನವರು, ಒಂದೇ ದಿನ ತಲೆ ಬೋಳಿಸಿಕೊಂಡು ನೌಕಾಪಡೆ ಸೇರಿದವರು. ಮೊದಲ ಚಳಿಗಾಲದಲ್ಲೇ ಕೊರಳಿನ ಶಿಲುಬೆಗಳನ್ನು ಅದಲುಬದಲು ಮಾಡಿಕೊಂಡು ಅಣ್ಣತಮ್ಮಂದಿರಾಗಿದ್ದರು. ನಮ್ಮಲ್ಲಿ ಈ ನಂಟು ಒಡಹುಟ್ಟಿದ ನಂಟಿಗಿಂತ ಒಂದು ತೂಕ ಹೆಚ್ಚೇ. ಒಡಹುಟ್ಟಿದವರು ದೇವರು ಕೊಟ್ಟವರು, ಇವರು ಕೇಳಿ ಪಡೆದವರು.

"ಯೆರೋಷ್ಕಾ," ಎಂದ ನಿಕನೋರ್, ತುಟಿ ಅಲುಗಿತೋ ಇಲ್ಲವೋ ಎಂಬಂತೆ. "ನನ್ನ ನೀರಿಗೆ ಹಾಕ್ಬೇಡ್ರೋ."

"ಏನ್ ಮಾತಾಡ್ತೀಯೋ, ಸುಮ್ನಿರು."

"ಅಪ್ಪನ್ನೂ ನೀರೇ ನುಂಗ್ತು. ಮರದ ದಿಮ್ಮಿ ತೇಲಿಸೋಕೆ ಹೋದೋನು ಹೆಣವಾಗೂ ಸಿಗ್ಲಿಲ್ಲ. ಅಮ್ಮ ಇವತ್ತಿಗೂ ಹೊಳೆ ದಡದಲ್ಲಿ ನಿಂತು ನೀರಿಗೆ ರೊಟ್ಟಿ ಚೂರು ಎಸೀತಾಳೆ. ಯಾವ ಕಡೆ ಎಸೀಬೇಕು ಅಂತಾನೂ ಅವಳಿಗೆ ಗೊತ್ತಾಗಲ್ಲ. ನಂಗೆ ಮಣ್ಣು ಕೊಡ್ಸೋ. ಎಲ್ಲಿದಾದ್ರೂ ಸರಿ, ಮಣ್ಣು."

ಯೆರೊಫೆಯ್ ತನ್ನ ಕೊರಳಲ್ಲಿದ್ದ, ಒಮ್ಮೆ ನಿಕನೋರನದಾಗಿದ್ದ ಶಿಲುಬೆಗೆ ಮುತ್ತಿಟ್ಟು, "ಕೊಡಿಸ್ತೀನಿ" ಎಂದ. ಆ ಮಾತು ಕೊಡುವಾಗ ಅವನಿಗೆ ಅದೇನೂ ದೊಡ್ಡ ಕೆಲಸವೆನಿಸಲಿಲ್ಲ. ಬೆಳಗಾದರೆ ದಡ, ದಡದಲ್ಲಿ ನಮ್ಮದೇ ಪಂಥದ ಜನ. ಇಷ್ಟಕ್ಕೂ ಸತ್ತವನನ್ನು ಹೂಳಲು ಯಾರು ಬೇಡವೆನ್ನುತ್ತಾರೆ?

ಬೇಡವೆಂದವನು ಕಪ್ತಾನ. ಹಬ್ಬದ ಬಾವುಟ ಕಟ್ಟಿದ ಹಡಗಿನಲ್ಲಿ ಹೆಣ ಇರಕೂಡದು. ಇದ್ದರೆ ಧ್ವಜ ಅರ್ಧಕ್ಕಿಳಿಯಬೇಕು, ಔತಣ ನಿಲ್ಲಬೇಕು. ಹೊಸ ಅರಸನಿಗೆ ಶುಭ ಕೋರಲು ಹೋದವರು ಶವ ಹೊತ್ತುಕೊಂಡು ಹೋದಂತಾಗುತ್ತದೆ. ಆದ್ದರಿಂದ ನಿಕನೋರ್ ಸತ್ತಿಲ್ಲ ಎಂದು ಅಪ್ಪಣೆಯಾಯಿತು.

ಈ ಅಪ್ಪಣೆಯನ್ನು ಯೆರೊಫೆಯ್‌ಗೆ ಮುಟ್ಟಿಸಿದವನು ನಾವಿಕರನ್ನೆಲ್ಲ ಆಳುವ ತಾಂಡೇಲ ಕುಡ್ಲಾಯ್. ಅಗಲ ಹೆಗಲಿನ, ಮಾತಿಗಿಂತ ಮುಷ್ಟಿ ಮುಂದಿರುವ ಮನುಷ್ಯ.

"ಲೇ, ನಿಮ್ಮೋನು ಸತ್ತಿಲ್ಲ ಕಣೋ. ಕಪ್ತಾನ್ ಧಣಿ ಹೇಳಿದಾರೆ. ಬಂದರು ಬಿಟ್ಟು ಆಚೆ ಹೋದ್ಮೇಲೆ ಸಾಯ್ತಾನೆ. ಅಲ್ಲೀತನಕ ಅವನಿಗೆ ಮೈ ಸರಿಯಿಲ್ಲ."

"ಆಚೆ ಹೋದ್ಮೇಲೆ ಅಂದ್ರೆ... ನೀರಿಗೇ ಅಲ್ವಾ?"

"ಮತ್ತೇನು, ಪೀಟರ್ಸ್‌ಬರ್ಗಿಗೆ ಹೊತ್ಕೊಂಡ್ಹೋಗಿ ಅಮೃತಶಿಲೆ ಗೋರಿ ಕಟ್ಸೋಣ್ವಾ? ಮುಚ್ಕೊಂಡು ಹಿತ್ತಾಳೆ ಉಜ್ಜು, ಹೋಗು."

ಬೇಸಿಗೆ ಉರಿಯುತ್ತಿತ್ತು. ಸಾಯದ ನಿಕನೋರನನ್ನು ಕ್ಯಾನ್ವಾಸಿನಲ್ಲಿ ಸುತ್ತಿ ಮಂಜುಗಡ್ಡೆಯ ಕೋಣೆಯಲ್ಲಿ ಇಟ್ಟರು. ಮರುದಿನ ಹಡಗು ಲಂಗರು ಹಾಕಿದ ಮೇಲೆ ಯೆರೊಫೆಯ್ ನೋಡಲು ಇಳಿದಾಗ, ಅಡುಗೆಯವನು ಹೆಣದ ಪಕ್ಕದ ಗಡ್ಡೆಗಳನ್ನು ಬಕೆಟ್ಟಿಗೆ ತುಂಬಿಕೊಳ್ಳುತ್ತಿದ್ದ.

"ಏನೋ ಮಾಡ್ತಿದೀಯ?"

"ಏನ್ಮಾಡ್ಲಿ ಮಾರಾಯ, ಷಾಂಪೇನ್ ಬೆಚ್ಚಗಿದ್ರೆ ನನ್ನ ತೊಗಲು ಸುಲೀತಾರೆ," ಎಂದ ಅಡುಗೆಯವನು, ತಲೆ ಎತ್ತದೆ. "ನಾಳೆಗೆ ಇದೂ ಇರಲ್ಲ. ಹೊಸ ಗಡ್ಡೆ ಸಿಗೋ ಊರಲ್ಲ ಇದು. ನಿನ್ನ ತಮ್ಮ ಏನೂ ಅನ್ಕೊಳ್ಳಲ್ಲ ಬಿಡು."

ಯೆರೊಫೆಯ್‌ಗೆ ಆಗ ಅರ್ಥವಾಯಿತು. ಯಾರದೋ ಗಂಟಲು ತಣ್ಣಗಾಗಲೆಂದು ತನ್ನ ತಮ್ಮನ ಮೈ ಕೆಡುತ್ತಿದೆ. ಬಕೆಟ್ಟನ್ನು ಒದೆಯಬೇಕೆನಿಸಿತು, ಒದೆಯಲಿಲ್ಲ. ಹಡಗಿನ ಪಾದ್ರಿ ವಸ್ಸಿಯಾನರ ಹತ್ತಿರ ಓಡಿದ. ಅವರು ಸನ್ಯಾಸಿ, ಸಾಧು ಮನುಷ್ಯ. ದೇವರಿಗೆ ಹೆದರುತ್ತಿದ್ದರು, ಕಪ್ತಾನನಿಗೆ ಇನ್ನೂ ಸ್ವಲ್ಪ ಜಾಸ್ತಿ ಹೆದರುತ್ತಿದ್ದರು.

"ನಾನು ಕೇಳ್ದೆ ಮಗು," ಎಂದರು ಪಾದ್ರಿ. "'ಪೂಜೆ ನಿಮ್ದು, ಹಡಗು ನಂದು' ಅಂದ್ಬಿಟ್ರು. ನೋಡು, ಅಲ್ಲೇ ಕಾಣ್ತಿದೆ ಅವರ ಗುಡಿ. ಅದೇ ಶಿಲುಬೆ, ಅದೇ ಮಂತ್ರ. ದೋಣೀಲಿ ಹೋದ್ರೆ ಒಂದು ಚಿಲುಮೆ ಸೇದೋಷ್ಟು ಹೊತ್ತಿಲ್ಲ."

ಇಬ್ಬರೂ ಕಂಬಿ ಹಿಡಿದು ದಡದ ಕಡೆ ನೋಡಿದರು. ಬಿಳಿಯ ಗುಡಿ, ಅದರ ಹಿಂದೆ ಗೋರಿಗಳು, ಅದಕ್ಕೂ ಹಿಂದೆ ಬೋಳು ಬೆಟ್ಟ. ಪಾದ್ರಿ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಒಂದು ದಾರಿ ಇದೆ. ಮಧ್ಯಾಹ್ನ ಅರಸನ ಪರವಾಗಿ ಮುದಿ ದಂಡನಾಯಕ ಯೋಕ್ಸಿಮ್ ಹಡಗಿಗೆ ಬರ್ತಾನೆ. ಬೆಟ್ಟದೋನು, ನೇರ ಮನುಷ್ಯ. ಅವನು ಹೂಂ ಅಂದ್ರೆ ಇಲ್ಲಿ ಯಾರೂ ಊಹೂಂ ಅನ್ನಲ್ವಂತೆ. ಸಾಲಿನ ಮುಂದೆ ಬಂದು 'ಏನಾದ್ರೂ ಕೊರತೆ ಇದೆಯಾ' ಅಂತ ಕೇಳೇ ಕೇಳ್ತಾನೆ, ಅದು ಪದ್ಧತಿ. ಆಗ ನೀನು ಹೇಳ್ಬಿಡು. ಅತಿಥಿ ಎದುರಿಗೆ ಕಪ್ತಾನ್ ಆಗಲ್ಲ ಅನ್ನೋಕಾಗಲ್ಲ."

"ನೀವೇ ಹೇಳಿದ್ರೆ ಆಗಲ್ವಾ, ಗುರುಗಳೇ?"

"ನಾನು ನಿನ್ನ ಹಿಂದೆ ಇರ್ತೀನಲ್ಲಪ್ಪ," ಎಂದರು ಪಾದ್ರಿ.

ಈ ಕೊರತೆ ಕೇಳುವ ಪದ್ಧತಿ ನಮ್ಮ ಪಡೆಯಲ್ಲಿ ಬಹಳ ಹಳೆಯದು. ದೊಡ್ಡವರು ಯಾರು ಬಂದರೂ ಸಾಲಿನ ಮುಂದೆ ನಿಂತು ಕೇಳುತ್ತಾರೆ. ಹೇಳಿಕೊಳ್ಳುವುದು ನಾವಿಕನ ಹಕ್ಕು ಎಂದು ಕಾನೂನಿನಲ್ಲೇ ಇದೆ. ಆ ಹಕ್ಕನ್ನು ನಂಬಿದ ಫದೇಯ್ ಎಂಬವನು ಒಂದು ವರ್ಷ ನಮ್ಮ ನೌಕಾನೆಲೆ ಕ್ರಾನ್‌ಸ್ಟಾಟಿನಲ್ಲಿ, ಕೊಟ್ಟ ಬೂಟುಗಳ ಅಟ್ಟೆ ರಟ್ಟಿನದು ಎಂದು ಬಾಯಿಬಿಟ್ಟ. ಅಡ್ಮಿರಲ್ ತಲೆದೂಗಿ ಕೇಳಿಸಿಕೊಂಡ. ವಾರದೊಳಗೆ ಫದೇಯ್ ಹಡಗಿನಲ್ಲಿರಲಿಲ್ಲ. ಎಲ್ಲಿ ಹೋದನೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆ ವರ್ಷದಿಂದ ಕುಡ್ಲಾಯ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಹೇಳಿಸತೊಡಗಿದ. "ಕೊರತೆ ಇದೆಯಾ?" ಎಂದು ಅವನು ಗುಡುಗುವುದು, "ಏನೂ ಕೊರತೆಯಿಲ್ಲ, ಮಹಾಸ್ವಾಮಿ! ಸೇವೆಯೇ ಸಂತೋಷ!" ಎಂದು ಇವರು ಕೂಗುವುದು. ದನಿ ತಡವಾದವನ ದವಡೆಗೆ ಒಂದು. ಊಟದ ಮುಂಚೆ, ಪ್ರಾರ್ಥನೆಯ ಬೆನ್ನಿಗೆ, ಮೂತ್ರಕ್ಕೆ ಹೋಗಿ ಬರುವ ದಾರಿಯಲ್ಲಿ. ಕಡೆಗೆ ಮಲಗಿದವನನ್ನು ಎಬ್ಬಿಸಿ ಕೇಳಿದರೂ ಕಣ್ಣು ತೆರೆಯುವ ಮೊದಲೇ ಉತ್ತರ ಬರುತ್ತಿತ್ತು. ಯೆರೊಫೆಯ್ ಈ ಪಾಠದಲ್ಲಿ ಎಲ್ಲರಿಗಿಂತ ಮುಂದು. ಅವನ ಗಂಟಲು ಒಳ್ಳೆಯದೆಂದು ಕುಡ್ಲಾಯ್ ಅವನನ್ನು ಮುಂದಿನ ಸಾಲಿಗೆ ಹಾಕಿದ್ದ.

ಬೆಳಗೆಲ್ಲ ಯೆರೊಫೆಯ್ ಹಿತ್ತಾಳೆ ಉಜ್ಜುತ್ತ ಹೊಸ ಮಾತನ್ನು ಬಾಯಿಪಾಠ ಮಾಡಿದ. "ಮಹಾಸ್ವಾಮಿ, ನನ್ನ ತಮ್ಮ ಸತ್ತಿದಾನೆ. ಅವನಿಗೆ ಮಣ್ಣು ಕೊಡಿ." ಇಷ್ಟೇ. ಇದಾದ ಮೇಲೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಫದೇಯ್ ಹೋದ ಕಡೆಗೆ ತಾನೂ ಹೋಗಬೇಕು. ಹೋಗೋಣ ಎಂದು ಗಟ್ಟಿ ಮನಸ್ಸು ಮಾಡಿದ. ನಾನು ಅವನನ್ನು ಹೇಡಿ ಎಂದು ಯಾರಿಗೂ ಅನ್ನಗೊಡುವುದಿಲ್ಲ. ಆ ಬೆಳಗ್ಗೆ ಆ ಹಡಗಿನಲ್ಲಿ ಅವನಷ್ಟು ಎದೆಗಾರಿಕೆ ಯಾರಿಗೂ ಇರಲಿಲ್ಲ.

ಮಧ್ಯಾಹ್ನ ತೋಪುಗಳು ಹಾರಿದವು, ಬೆಟ್ಟಗಳು ಮರುದನಿಗೊಟ್ಟವು. ಯೋಕ್ಸಿಮ್ ಮೆಟ್ಟಿಲು ಹತ್ತಿ ಬಂದ. ಎತ್ತರದ ಮುದುಕ, ಬಿಳಿ ಮೀಸೆ, ಸೊಂಟದ ಪಟ್ಟಿಯಲ್ಲಿ ಉದ್ದನೆಯ ಪಿಸ್ತೂಲು, ಹಳೆಯ ಗುಂಡಿನೇಟಿಗೆ ಕುಂಟುವ ಕಾಲು. ಅವನಿಗಾಗಿ ಹಾಸಿದ ಕೆಂಪು ಜಮಖಾನದ ಮೇಲೆ ಹೆಜ್ಜೆಯಿಡದೆ ನೇರವಾಗಿ ನಾವಿಕರ ಸಾಲಿನ ಕಡೆಗೇ ನಡೆದ. ಕಪ್ತಾನ ನಗುಮುಖ ಹೊತ್ತು ಹಿಂದೆ ಹಿಂದೆ ಓಡಿದ. ಮುದುಕ ಒಬ್ಬೊಬ್ಬರ ಮುಖ ನೋಡುತ್ತ ಬಂದು ಯೆರೊಫೆಯ್ ಮುಂದೆ ನಿಂತುಬಿಟ್ಟ.

"ಏನೋ ತಮ್ಮಾ, ಕಣ್ಣ್ಯಾಕ ಹಿಂಗ ಕೆಂಪಾಗ್ಯಾವು? ಅತ್ತೀಯೇನ?"

ಅವರ ಮಾತು ನಮ್ಮ ಮಾತಿನ ದಾಯಾದಿ. ಸ್ವಲ್ಪ ಕಿವಿಗೊಟ್ಟರೆ ಎಲ್ಲ ತಿಳಿಯುತ್ತದೆ. ಯೆರೊಫೆಯ್‌ಗೆ ಒಂದೊಂದು ಮಾತೂ ತಿಳಿಯಿತು.

"ನಮ್ಮ ಮನೀಗೆ ಬಂದಾವ ಅಳಕೋತ ಹೋಗಬಾರದಪ್ಪಾ," ಎಂದ ಯೋಕ್ಸಿಮ್, ದೊಡ್ಡ ಕೈಯನ್ನು ಅವನ ಹೆಗಲ ಮೇಲಿಟ್ಟು. "ಏನರ ಕೊರತಿ ಐತೇನ? ಕೇಳ, ನಾಚಬ್ಯಾಡ. ನಮ್ಮದು ಬರೇ ಕಲ್ಲಿನ ದೇಶ. ಆದ್ರ ರಷ್ಯಾದಾವ ಬಾಯಿ ಬಿಟ್ಟು ಕೇಳಿದ್ರ ಇಲ್ಲ ಅನ್ನಂಗಿಲ್ಲ."

ಕಪ್ತಾನನ ನಗು ಮುಖದಲ್ಲೇ ಗಟ್ಟಿಯಾಯಿತು. ಹಿಂದಿನಿಂದ ಪಾದ್ರಿ ಕೆಮ್ಮಿದರು. ಯೆರೊಫೆಯ್ ಉಸಿರು ಎಳೆದುಕೊಂಡ. 'ನನ್ನ ತಮ್ಮ' ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದು ಅವನಿಗೆ ಗೊತ್ತಾಯಿತು. ಅಷ್ಟರಲ್ಲಿ ಅವನ ಹಿಮ್ಮಡಿಗಳು ಟಪ್ಪೆಂದು ಒಂದಾದವು, ಗದ್ದ ಮೇಲೆ ಹೋಯಿತು, ಎದೆ ಉಬ್ಬಿತು.

"ಏನೂ ಕೊರತೆಯಿಲ್ಲ, ಮಹಾಸ್ವಾಮಿ! ಸೇವೆಯೇ ಸಂತೋಷ!"

ಹಡಗಿನ ಈ ತುದಿಯಿಂದ ಆ ತುದಿಗೆ ಕೇಳಿಸುವಂತೆ ಕೂಗಿದ್ದ. ತಾನೇ ಕೂಗಿದ್ದೆಂದು ಅವನಿಗೆ ತಿಳಿದದ್ದು ದನಿ ಬೆಟ್ಟಕ್ಕೆ ಬಡಿದು ಮರಳಿದ ಮೇಲೆ.

ಮುದುಕ ನಂಬಲಿಲ್ಲ. ಇನ್ನಷ್ಟು ಬಾಗಿ ಅವನ ಕಣ್ಣೊಳಗೆ ನೋಡಿದ. "ಖರೇ ಹೇಳಾಕತ್ತೀಯೇನ, ಮಗಾ?"

"ಹೌದು, ಮಹಾಸ್ವಾಮಿ!"

"ಭಲೇ!" ಎಂದು ಯೋಕ್ಸಿಮ್ ಅವನ ಕೆನ್ನೆಗಳಿಗೆ ಮೂರು ಸಲ ಮುತ್ತಿಟ್ಟ, ಕಪ್ತಾನನ ಕಡೆ ತಿರುಗಿ, "ಇಂಥಾ ಮಕ್ಕಳಿದ್ರ ನಿಮಗ ಯಾರ ಅಂಜಿಕಿ?" ಎಂದ. ವಾದ್ಯ ಮೊಳಗಿತು. ಮುದುಕ ಕುಂಟುತ್ತ ಮುಂದೆ ಹೋದ. ಒಂದು ಹೆಜ್ಜೆ ಮುಂದಿಟ್ಟು ಕೂಗಿದ್ದರೆ ಇನ್ನೂ ಕಾಲ ಮೀರಿರಲಿಲ್ಲ. ಯೆರೊಫೆಯ್‌ನನ್ನು ಯಾರೂ ಹಿಡಿದಿರಲಿಲ್ಲ, ಕುಡ್ಲಾಯ್ ದೂರದಲ್ಲಿದ್ದ. ಆದರೂ ಸಾಲು ಚದುರುವ ಅಪ್ಪಣೆ ಬರುವವರೆಗೆ ಅವನು ನಿಂತಲ್ಲೇ ನೆಟ್ಟಗೆ ನಿಂತಿದ್ದ.

ಸಂಜೆ ದೀಪಗಳು ಹೊತ್ತಿಕೊಂಡವು. ದಡದಲ್ಲಿ ಜನ ಹೋ ಎಂದು ಕೂಗುತ್ತಿದ್ದರು. ಔತಣದ ಮೇಜಿನಿಂದ ಎದ್ದು ಬಂದ ಪಾದ್ರಿ ಕತ್ತಲ ಮೂಲೆಯಲ್ಲಿ ಯೆರೊಫೆಯ್‌ನನ್ನು ಹುಡುಕಿ ಹಿಡಿದರು.

"ಯಾಕೋ ಹೇಳ್ಲಿಲ್ಲ? ಎರಡು ಸಲ ಕೇಳಿದ್ನಲ್ಲೋ ಪುಣ್ಯಾತ್ಮ!"

"ಹೇಳ್ದೆ ಅನ್ಕೊಂಡಿದ್ದೆ, ಗುರುಗಳೇ. ಬಾಯಿ ಬೇರೆ ಹೇಳ್ಬಿಡ್ತು."

ಪಾದ್ರಿ ನಿಟ್ಟುಸಿರು ಬಿಟ್ಟರು. "ಊಟಕ್ಕೆ ಕೂತಾಗ ಆ ಮುದುಕ ಹೇಳ್ತಿದ್ದ. ಆ ಗುಡಿ ಹಿಂದೆ ಹಿಂದಿನ ಕಾಲದ ರಷ್ಯಾದವರ ಗೋರಿಗಳಿವೆಯಂತೆ. ಊರ ಹೆಂಗಸರು ತಮ್ಮವರು ಅಂತಾನೇ ಈಗ್ಲೂ ದೀಪ ಹಚ್ತಾರಂತೆ."

"ನಿಮ್ಮ ಪಕ್ಕದಲ್ಲೇ ಕೂತಿದ್ನಾ?"

"ಹೂಂ, ಪಕ್ಕದಲ್ಲೇ."

"ನೀವು ಹೇಳ್ಬಹುದಿತ್ತಲ್ಲ."

ಪಾದ್ರಿ ಔತಣದ ಮೇಜಿಗೆ ಮರಳಿ ಹೋದರು.

ಮರುದಿನ ಬಂದರು ಬಿಡುವ ಮುಂಚೆ ದಡದಿಂದ ಒಂದು ದೋಣಿ ಬಂತು. ಚೆನ್ನಾಗಿ ಉತ್ತರ ಕೊಟ್ಟ ಆ ಹುಡುಗನಿಗೆಂದು ಯೋಕ್ಸಿಮ್ ಒಂದು ಬೆಳ್ಳಿಯ ಪದಕ ಕಳಿಸಿದ್ದ. ಕಪ್ತಾನ ಅದನ್ನು ತನ್ನ ಕೈಯಾರೆ ಯೆರೊಫೆಯ್‌ನ ಎದೆಗೆ ಚುಚ್ಚಿ, ಒಂದು ಬಟ್ಟಲು ವೋಡ್ಕಾ ಹೆಚ್ಚಿಗೆ ಕೊಡಿಸಿದ. ಎಲ್ಲರ ಮುಂದೆ ಕುಡಿಯಬೇಕಾಗಿತ್ತು, ಕುಡಿದ.

ಹಡಗು ತೆರೆದ ಕಡಲಿಗೆ ಬಂದಾಗ ನಿಕನೋರ್ ಸತ್ತನೆಂದು ಕಪ್ತಾನ ಒಪ್ಪಿಕೊಂಡ. ಆತುರಾತುರವಾಗಿ ಎಲ್ಲ ಮುಗಿಸಬೇಕಿತ್ತು, ಮೈ ಇನ್ನು ತಡೆಯುವಂತಿರಲಿಲ್ಲ. ಕ್ಯಾನ್ವಾಸಿನ ಕಾಲಿನ ಕಡೆ ಕಬ್ಬಿಣದ ತುಂಡು ಕಟ್ಟಿ ಹಲಗೆಯ ಮೇಲೆ ಮಲಗಿಸಿದರು. ಪಾದ್ರಿ ಮಂತ್ರ ಹೇಳಿದರು. ಒಂದು ಹಿಡಿ ಮಣ್ಣು ಹಾಕುವ ಕಡೆಗೆ ಬಂದಾಗ ಹಡಗಿನಲ್ಲಿ ಮಣ್ಣಿರಲಿಲ್ಲ. ಅಟ್ಟ ತಿಕ್ಕಲು ಇಟ್ಟಿದ್ದ ಮರಳನ್ನು ತಂದುಕೊಟ್ಟರು.

ಹಲಗೆಯ ತಲೆಯ ಕಡೆ ಹಿಡಿದವನು ಯೆರೊಫೆಯ್. ಒಂದೇ ಊರಿನವನೆಂದು ಆ ಗೌರವ ಅವನಿಗೇ ಬಂದಿತ್ತು. ಬೆಟ್ಟಗಳು ಇನ್ನೂ ಕಾಣುತ್ತಿದ್ದವು. ಎತ್ತುವುದಿಲ್ಲ ಎಂದು ಅವನು ಮನಸ್ಸಿನಲ್ಲಿ ಹೇಳಿಕೊಂಡ. ಕೊಂದರೂ ಎತ್ತುವುದಿಲ್ಲ.

"ಎತ್ತು," ಎಂದ ಕುಡ್ಲಾಯ್.

ಕೈಗಳು ಎತ್ತಿದವು. ಕ್ಯಾನ್ವಾಸು ಸರ್ರನೆ ಜಾರಿತು, ನೀರು ಒಮ್ಮೆ ಬಾಯ್ದೆರೆದು ಮುಚ್ಚಿಕೊಂಡಿತು. ಹಡಗು ನಿಲ್ಲಲಿಲ್ಲ. ಇನ್ನು ಆ ಜಾಗ ಯಾವುದೆಂದು ನಿಕನೋರನ ತಾಯಿಗೆ ಯಾರು ತೋರಿಸಬಲ್ಲರು? ಯೆರೊಫೆಯ್‌ಗೇ ಅದು ಆಗಲೇ ಗುರುತು ಸಿಗದಾಗಿತ್ತು.

ಎಲ್ಲರೂ ಚದುರಿದರು. ಯೆರೊಫೆಯ್ ಮಾತ್ರ ಬರಿದಾದ ಹಲಗೆ ಹಿಡಿದುಕೊಂಡು ನಿಂತಿದ್ದ, ಕಣ್ಣು ಒಣಗಿತ್ತು. ಕುಡ್ಲಾಯ್ ಹತ್ತಿರ ಬಂದು ಹಲಗೆಯನ್ನು ಅವನ ಕೈಯಿಂದ ಬಿಡಿಸಿದ. ತಾಂಡೇಲನ ಎದೆಯೂ ಕಲ್ಲಿನದಲ್ಲ.

"ಅಳೋದಿದ್ರೆ ಅತ್ಬಿಡು ಕಣೋ," ಎಂದ ಮೆಲ್ಲಗೆ. "ಯಾರೂ ನೋಡ್ತಿಲ್ಲ. ಅಳು."

"ಅಪ್ಪಣೆ, ಧಣಿ," ಎಂದ ಯೆರೊಫೆಯ್, ಹಿಮ್ಮಡಿ ಕೂಡಿಸಿ. ಆಮೇಲೆ ಅಳತೊಡಗಿದ.