ಟ್ರೆಂಟನ ನಡುಗುವ ಗೆರೆ

ಸಾಸ್ಕಟೂನಿನ ವಿಶ್ವವಿದ್ಯಾಲಯದ ಸ್ನಾಯು ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ದುಡಿದ ಡೋರೀನ್‌ಗೆ ಬಾಗಿಲಲ್ಲಿ ನಿಂತವನನ್ನು ಕಂಡರೆ ಸಾಕು, ಎಂಥ ಆಸಾಮಿ ಎಂದು ತಿಳಿಯುತ್ತಿತ್ತು. ಹೊರಗೆ ಹಿಮ ಬೀಳುತ್ತಿದ್ದರೂ ಟ್ರೆಂಟ್ ಕ್ಲಾಸೆನ್ ತೋಳಿಲ್ಲದ ಬನಿಯನ್ನಿನಲ್ಲಿ ಬಂದಿದ್ದ. ಜಿಮ್ ತರಬೇತುದಾರ, ಪ್ರಯೋಗಕ್ಕೆ ಸ್ವಯಂಸೇವಕನಾಗಿ ಹೆಸರು ಕೊಟ್ಟಿದ್ದ. ಎರಡೂ ಕಂಕುಳಲ್ಲಿ ಕುಂಬಳಕಾಯಿ ಸಿಕ್ಕಿಸಿಕೊಂಡವನಂತೆ ನಡೆಯುತ್ತಿದ್ದ.

“ಮಡಚಿದ ಕೈಯನ್ನ ಯಂತ್ರ ಎಳೆದು ಚಾಚಿಸುತ್ತೆ. ನೀವು ಬಿಡದೆ ತಡೀಬೇಕು. ಅರವತ್ತು ಸಲ,” ಎಂದಳು.

“ಅಷ್ಟೇನಾ? ಎತ್ತೋದೇನೂ ಇಲ್ವಾ? ಅಜ್ಜಿಯರ ಆಟ ಬಿಡಿ ಇದು!”

ಅಜ್ಜಿಯರನ್ನೂ ಡೋರೀನ್ ಇದೇ ಕುರ್ಚಿಯಲ್ಲಿ ಕೂರಿಸಿದ್ದಳು. ಅವರು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದ್ದರು.

ನಲವತ್ತನೆಯ ಸಲಕ್ಕೆ ಟ್ರೆಂಟನ ಮಾತು ನಿಂತಿತು. ಅರವತ್ತು ಮುಗಿದ ಮೇಲೆ, ಪರದೆಯ ಮೇಲಿನ ನೇರ ಗೆರೆಗೆ ಹೊಂದುವಂತೆ ಅರ್ಧ ನಿಮಿಷ ಒಂದೇ ಸಮನೆ ಬಲ ಹಾಕಿ ಹಿಡಿಯಬೇಕಿತ್ತು. ಅವನ ಬಲ ತೋರಿಸುವ ಗೆರೆ ಕುಡುಕನ ಸಹಿಯಂತೆ ಮೇಲೆ ಕೆಳಗೆ ತೂರಾಡಿತು.

“ನಿಮ್ಮ ಯಂತ್ರ ಕೆಟ್ಟಿದೆ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಡೋರೀನ್ ತಾನೇ ಕೂತು ಹಿಡಿದು ತೋರಿಸಿದಳು. ಗೆರೆ ನೆಟ್ಟಗೆ ನಿಂತಿತು.

ಮರುದಿನ ಅವನ ಫೋನು. “ಕೈ ನೆಟ್ಟಗಾಗ್ತಿಲ್ಲ ರೀ! ಕಾಫಿ ಕಪ್ ಹಿಡಿದ್ರೆ ಅಂಗಿ ಮೇಲೆಲ್ಲ ಚೆಲ್ತಿದೆ!”

“ಓ, ಅಂಗಿ ಹಾಕ್ಕೊಂಡಿದ್ದೀರಾ? ಒಂದು ವಾರದಲ್ಲಿ ಸರಿಹೋಗುತ್ತೆ.”

ಎರಡು ವಾರ ಬಿಟ್ಟು ಮತ್ತೆ ಬಂದ. ಮತ್ತೆ ಅರವತ್ತು ಸಲ. ಈ ಬಾರಿಯೂ ಗೆರೆ ನಡುಗಿತು, ಆದರೆ ಮೊದಲಿನ ಅರ್ಧದಷ್ಟೂ ಇಲ್ಲ.

“ನೋಡಿದ್ರಾ? ಇದಕ್ಕೇ ಛಲ ಅನ್ನೋದು!”

“ಈ ಎರಡು ವಾರ ಏನು ಮಾಡಿದ್ರಿ?”

“ಏನು ಮಾಡ್ಲಿ? ನೋವು ತಡೀಲಾರದೆ ಸೋಫಾ ಮೇಲೆ ಬಿದ್ಕೊಂಡಿದ್ದೆ.”

“ಮತ್ತೆ ಛಲ ಎಲ್ಲಿಂದ ಬಂತು? ಒಂದು ಸಲ ಪೆಟ್ಟು ತಿಂದ ಸ್ನಾಯು ಎರಡನೇ ಸಲಕ್ಕೆ ತಾನೇ ಹುಷಾರಾಗುತ್ತೆ. ಅದಕ್ಕಿರೋ ಬುದ್ಧಿ ಅದರ ಯಜಮಾನನಿಗೂ ಇರಬೇಕು ಅಂತೇನಿಲ್ಲ.”

ಅವನ ಕಿವಿಗೆ ಅದು ಬೀಳಲೇ ಇಲ್ಲ. “ಇದನ್ನ ಜಿಮ್ಮಲ್ಲಿ ಎಲ್ಲರಿಗೂ ಕಲಿಸ್ತೀನಿ. ‘ಕ್ಲಾಸೆನ್ ಪದ್ಧತಿ’ ಅಂತ ಹೆಸರಿಡ್ತೀನಿ!” ಎಂದು ಪರದೆಯ ಪಕ್ಕ ತೋಳು ಉಬ್ಬಿಸಿ ಫೋಟೋ ತೆಗೆದುಕೊಂಡ.

ಅವನ ಅಂಕಿಗಳನ್ನೆಲ್ಲ ಅಳಿಸಿಬಿಡೋಣವೇ ಎಂದು ಡೋರೀನ್‌ಗೆ ಒಂದು ಗಳಿಗೆ ಅನಿಸಿತು. ಆದರೆ ಮನುಷ್ಯ ಪೆದ್ದನಾದರೆ ಅಂಕಿಗಳು ಮಾಡಿದ ಪಾಪವೇನು? ಒಂದನ್ನೂ ಬಿಡದೆ ದಾಖಲಿಸಿದಳು. ಕುಲುಕಲೆಂದು ಅವನು ಚಾಚಿದ ಕೈಯಲ್ಲಿ ಉಚಿತ ಪಾರ್ಕಿಂಗ್ ಚೀಟಿ ಇಟ್ಟು, ಕುರ್ಚಿಗೆ ಅಂಟಿದ್ದ ಅವನ ಬೆವರು ಒರೆಸತೊಡಗಿದಳು.