ಹೃದಯವನ್ನು ನಾಳೆಗೆ ಇಡಲಾಗದು

ಬೇಸಿಗೆ ಬಂತೆಂದರೆ ಆ ಬೀದಿಯವರೆಲ್ಲ ಒಂದಲ್ಲ ಒಂದು ಹೊತ್ತಿಗೆ ಐಸ್ ಫ್ಯಾಕ್ಟರಿಯ ಬಾಗಿಲಿಗೆ ಬರಲೇಬೇಕು. ಮೀನಿನವರು, ಹಾಲಿನವರು, ಹಣ್ಣಿನ ರಸದ ಅಂಗಡಿಯವರು, ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಿ. ಫ್ಯಾಕ್ಟರಿ ಇಬ್ಬರು ಅಣ್ಣತಮ್ಮಂದಿರದು. ದೊಡ್ಡವನನ್ನು ಎಲ್ಲರೂ ಐಸಣ್ಣ ಎನ್ನುತ್ತಿದ್ದರು. ಚಿಕ್ಕವನು ಚೂರಣ್ಣ. ಐಸಿನ ಗಡ್ಡೆ ಒಡೆಯುವಾಗ ಸಿಡಿದ ಚೂರುಗಳನ್ನು ಬಾಚಿ, ಕೇಳಿದವರಿಗೆಲ್ಲ ಬಿಟ್ಟಿ ಕೊಟ್ಟು ಸಂಪಾದಿಸಿದ ಹೆಸರು ಅದು. “ಹೀಗೇ ಹಂಚ್ತಾ ಹೋಗು, ಒಂದಿನ ಫ್ಯಾಕ್ಟರೀನೂ ಚೂರು ಮಾಡಿ ಕೊಟ್ಬಿಡು” ಎಂದು ಅಣ್ಣ ಗೊಣಗುತ್ತಿದ್ದ. ತಮ್ಮ ನಗುತ್ತಿದ್ದ; ಕೈ ಮಾತ್ರ ನಿಲ್ಲುತ್ತಿರಲಿಲ್ಲ.

ಆ ಚೂರಣ್ಣ ಒಂದು ಬೆಳಿಗ್ಗೆ, ಲಾರಿಗೆ ಗಡ್ಡೆ ಏರಿಸುವ ಒದ್ದೆ ಕಟ್ಟೆಯ ಮೇಲೆ ಕಾಲು ಜಾರಿ ಬಿದ್ದ. ತಲೆಯ ಹಿಂಭಾಗ ಕಲ್ಲಂಚಿಗೆ ಬಡಿಯಿತು. ವೈದ್ಯರು ತಮ್ಮಿಂದಾದುದನ್ನೆಲ್ಲ ಮಾಡಿದರು. ಮೂರನೆಯ ದಿನ ವೈದ್ಯರ ತಂಡವೊಂದು, ನಡುವೆ ಸಮಯ ಬಿಟ್ಟು ಎರಡು ಸಲ ಪರೀಕ್ಷಿಸಿ, ಮೆದುಳು ಪೂರ್ತಿ ಸತ್ತಿದೆ, ಇನ್ನು ಮರಳದು ಎಂದು ಹೇಳಿತು.

ತೀವ್ರ ನಿಗಾ ಘಟಕದ ಪಕ್ಕದಲ್ಲಿ ಒಂದು ಸಣ್ಣ ಕೋಣೆ. ಗೋಡೆಗೆ ಒರಗಿದ ಕುರ್ಚಿಗಳು, ನೀರಿನ ಕ್ಯಾನು, ಅರ್ಧಕ್ಕೆ ಎಳೆದ ಪರದೆ. ಅಲ್ಲಿ ಚೂರಣ್ಣನ ಹೆಂಡತಿ ಕೈ ಕಟ್ಟಿಕೊಂಡು ಕುಳಿತಿದ್ದಳು. ಐಸಣ್ಣ ಕೂರಲಾರದೆ ನಿಂತಿದ್ದ. ಅವರೆದುರು, ಅಂಗದಾನದ ವ್ಯವಸ್ಥೆ ನೋಡಿಕೊಳ್ಳುವ ಸಂಯೋಜಕಿ. ಆಕೆ ಮೊದಲು ನೀರು ಕೊಟ್ಟಳು. ಆಮೇಲೆ, ಆತುರಪಡದೆ, ಚೂರಣ್ಣನ ಹೃದಯ ಇನ್ನೂ ಚೆನ್ನಾಗಿದೆ, ಮನೆಯವರು ಒಪ್ಪಿದರೆ ಅದು ಇನ್ನೊಬ್ಬರ ಎದೆಯಲ್ಲಿ ಬಡಿಯಬಹುದು ಎಂದಳು.

ಐಸಣ್ಣನ ಮುಖ ಗಂಟಿಕ್ಕಿತು. ಈಗಷ್ಟೇ ನೋಡಿ ಬಂದೆ, ಎದೆ ಏಳುತ್ತಿದೆ ಇಳಿಯುತ್ತಿದೆ, ಮೈ ಬೆಚ್ಚಗಿದೆ, ಸತ್ತ ಎಂದು ಹೇಗೆ ನಂಬಲಿ ಎಂದು ಕೇಳಿದ. ಉಸಿರು ಯಂತ್ರದ್ದು, ಅವನದಲ್ಲ ಎಂದಳು ಸಂಯೋಜಕಿ. ಪರೀಕ್ಷೆಗಾಗಿ ಯಂತ್ರದ ಉಸಿರನ್ನು ನಿಲ್ಲಿಸಿ ಕಾದಾಗ ಅವನಾಗಿ ಒಂದು ಉಸಿರನ್ನೂ ಎಳೆಯಲಿಲ್ಲ. ಹೃದಯಕ್ಕೆ ತನ್ನದೇ ಮಿಡಿತವಿದೆ. ಯಂತ್ರ ಗಾಳಿ ಕೊಡುವಷ್ಟು ಹೊತ್ತು ಅದು ಬಡಿಯುತ್ತದೆ, ಆದರೆ ಬಹಳ ಹೊತ್ತಲ್ಲ. ಐಸಣ್ಣ ನೆಲ ನೋಡಿದ. ಕಂಪ್ರೆಸರ್ ಕೆಟ್ಟು ನಿಂತ ಮೇಲೂ ಗಡ್ಡೆ ಕಟ್ಟುವ ಉಪ್ಪುನೀರಿನ ತೊಟ್ಟಿ ಕೆಲಕಾಲ ತಣ್ಣಗಿರುವುದನ್ನು ಅವನು ಎಷ್ಟು ಸಲ ಕಂಡಿಲ್ಲ? ಕೈಯಿಟ್ಟವನಿಗೆ ಎಲ್ಲ ಸರಿಯಾಗಿದೆ ಎನಿಸುತ್ತದೆ. ಕಂಪ್ರೆಸರ್ ನಿಂತದ್ದು ಒಳಗಿದ್ದವನಿಗೆ ಮಾತ್ರ ಗೊತ್ತು.

ಆಮೇಲೆ ಅವನು ತನ್ನ ಕಸುಬಿನವರಷ್ಟೇ ಹೇಳಬಹುದಾದ ಮಾತೊಂದನ್ನು ಹೇಳಿದ.

“ಸರಿ ಮೇಡಂ, ತೆಗೆದು ಇಡಿ. ಐಸು ಎಷ್ಟು ಬೇಕೋ ನಾನು ಕಳಿಸ್ತೀನಿ. ನಾಳೆ ನಮ್ಮಕ್ಕ ಬರ್ತಾಳೆ, ಅವಳನ್ನ ಕೇಳಿ ಕೊಡೋದೋ ಬೇಡ್ವೋ ಹೇಳ್ತೀವಿ. ನಮ್ಮ ಐಸಲ್ಲಿ ಮೀನು ವಾರಗಟ್ಲೆ ಇರುತ್ತೆ.”

ಸಂಯೋಜಕಿ ನಗಲಿಲ್ಲ. “ಯಜಮಾನ್ರೇ, ಮೀನನ್ನ ಯಾರೂ ಮತ್ತೆ ನೀರಿಗೆ ಬಿಟ್ಟು ಈಜು ಅನ್ನಲ್ಲ. ಹೃದಯ ಮತ್ತೆ ಬಡೀಬೇಕು.”

ಆಮೇಲೆ ಆಕೆ ಬಿಡಿಸಿ ಹೇಳಿದಳು. ಹೃದಯದೊಳಕ್ಕೆ ತಣ್ಣನೆಯ ಔಷಧದ ದ್ರವ ಹಾಯಿಸಿ ಅದನ್ನು ಮೆಲ್ಲಗೆ ನಿಲ್ಲಿಸುತ್ತಾರೆ. ಅದೇ ಬಗೆಯ ದ್ರವದಲ್ಲಿ ಮುಳುಗಿಸಿ, ಚೀಲದೊಳಗೆ ಚೀಲವಿಟ್ಟು ಕಟ್ಟಿ, ಐಸು ತುಂಬಿದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಐಸು ಹೃದಯಕ್ಕೆ ನೇರವಾಗಿ ತಾಗಬಾರದು, ಹೃದಯ ಹೆಪ್ಪುಗಟ್ಟಲೇಬಾರದು. ಐಸಣ್ಣ ತಲೆದೂಗಿದ. ನೀರು ಗಡ್ಡೆಯಾಗುವಾಗ ಹಿಗ್ಗಿ ತಗಡಿನ ಡಬ್ಬಿಯನ್ನೇ ಸೀಳುತ್ತದೆ. ಇನ್ನು ಮಾಂಸದ ಎಳೆ ಯಾವ ಲೆಕ್ಕ. ಹೀಗೆ ಕಾಪಾಡಿದರೂ ಸಾಮಾನ್ಯವಾಗಿ ಸಿಗುವುದು ನಾಲ್ಕು ಗಂಟೆ ಎಂದಳು ಸಂಯೋಜಕಿ. ರಸ್ತೆ, ವಿಮಾನ, ಹೊಲಿಗೆ ಎಲ್ಲವೂ ಅಷ್ಟರೊಳಗೆ ಮುಗಿಯಬೇಕು. ಬೆಚ್ಚನೆಯ ರಕ್ತ ಹರಿಸಿ ಹೃದಯ ಬಡಿಯುತ್ತಿರುವಂತೆಯೇ ಒಯ್ಯುವ ಯಂತ್ರಗಳೂ ಬಂದಿವೆ, ಅವು ಇನ್ನಷ್ಟು ಹೊತ್ತು ಕೊಡುತ್ತವೆ, ಆದರೆ ಎಲ್ಲ ಕಡೆ ಇಲ್ಲ. ಇರುವಲ್ಲಿಯೂ ಅವು ಪ್ರಯಾಣಕ್ಕೆ. ಮನೆಯವರ ಯೋಚನೆಗೆ ಅಲ್ಲ. ಒಪ್ಪಿಗೆಯಿಲ್ಲದೆ ಕತ್ತರಿಯನ್ನೇ ಮುಟ್ಟುವಂತಿಲ್ಲ.

ಹಾಗಾದರೆ ಅವನನ್ನು ಯಂತ್ರದಲ್ಲೇ ನಾಳೆವರೆಗೆ ಇಡಿ ಎಂದ ಐಸಣ್ಣ. ರಕ್ತದೊತ್ತಡ ಬೆಳಿಗ್ಗೆಯಿಂದ ಕುಸಿಯುತ್ತಿದೆ, ಔಷಧದ ಊರುಗೋಲಿನ ಮೇಲೆ ನಿಂತಿದೆ, ನಾಳೆಗೆ ಆ ಹೃದಯ ಯಾರಿಗೂ ಆಗದಿರಬಹುದು ಎಂದಳು ಸಂಯೋಜಕಿ. ಅವನ ದನಿ ಏರಿತು. ಯಾರೋ ದುಡ್ಡಿದ್ದವನಿಗಾಗಿ ಈ ಅವಸರವೇ ಎಂದು ಕುಟುಕಿದ. ಆಕೆ ಅದಕ್ಕೂ ಉತ್ತರ ಕೊಟ್ಟಳು. ರಕ್ತದ ಗುಂಪು, ಮೈಯ ಅಳತೆ, ಕಾಯಿಲೆಯ ತೀವ್ರತೆ, ದೂರ, ಕಾದ ಸರದಿ ಇವುಗಳಿಂದಲೇ ಯಾರಿಗೆಂದು ನಿರ್ಧಾರವಾಗುತ್ತದೆ. ಹೃದಯಕ್ಕೆ ಬೆಲೆ ಕಟ್ಟುವಂತಿಲ್ಲ. ಎದೆಯನ್ನು ನೀಟಾಗಿ ಹೊಲಿದು, ದೇಹವನ್ನು ಗೌರವದಿಂದ ಒಪ್ಪಿಸುತ್ತಾರೆ. ಮುಖ ಇದ್ದಂತೆಯೇ ಇರುತ್ತದೆ.

“ಬೇಡ ಅಂದ್ರೂ ಸರಿ, ಇನ್ನೊಂದು ಮಾತು ಕೇಳಲ್ಲ ನಾನು. ಆದ್ರೆ ನಾಳೆ ಅನ್ನೋದು, ಬೇಡ ಅಂದ ಹಾಗೇನೇ. ಅದು ನಿಮಗೆ ಗೊತ್ತಿರ್ಲಿ ಅಂತ” ಎಂದಳು ಸಂಯೋಜಕಿ.

ಚೂರಣ್ಣನ ಹೆಂಡತಿ ತಲೆಯೆತ್ತಿದಳು.

“ಭಾವ, ಅಕ್ಕಂಗೆ ಏನು ಹೇಳಿದೀರಿ?”

ಐಸಣ್ಣ ಕಿಟಕಿಯ ಕಡೆ ತಿರುಗಿದ. ಅಪ್ಪ ಅಮ್ಮ ಹೋದ ಮೇಲೆ ಇಬ್ಬರನ್ನೂ ಸಾಕಿದವಳು ಆ ಅಕ್ಕ. ಸಣ್ಣ ಪೆಟ್ಟು ಎಂದು ಮೊದಲ ದಿನ ಹೇಳಿದ್ದ. ಒಮ್ಮೆ ಬಂದು ಹೋಗು ಎಂದಷ್ಟೇ ಇಂದು ಹೇಳಿದ್ದ. ಬಸ್ಸಿನಲ್ಲಿ ಒಬ್ಬಳೇ ಬರುತ್ತಿದ್ದಾಳೆ. ತಮ್ಮ ಇನ್ನಿಲ್ಲ ಎಂಬ ಮಾತನ್ನು ಫೋನಿನಲ್ಲಿ ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ನಾಳೆ ಬೇಕಾಗಿದ್ದದ್ದು ಅದಕ್ಕೆ.

“ನಾನೊಬ್ಳೇ ಸಹಿ ಹಾಕಬಹುದಂತೆ” ಎಂದಳು ಅವಳು. “ನಿಮ್ಮಿಬ್ರನ್ನೂ ಕೇಳ್ದೆ ಹಾಕಲ್ಲ. ಆದ್ರೆ ನಿಮ್ಮ ತಮ್ಮ ಯಾವುದನ್ನೂ ಸುಮ್ನೆ ಕರಗೋಕೆ ಬಿಟ್ಟವರಲ್ಲ. ನಾನೂ ಬಿಡಲ್ಲ. ಫೋನು ನೀವು ಮಾಡ್ತೀರೋ, ನಾನು ಮಾಡ್ಲೋ?”

ಐಸಣ್ಣ ಫೋನು ಹಿಡಿದು ಪಡಸಾಲೆಗೆ ಹೋದ. ಅವನು ಹೇಳಿದ್ದು ಹೆಚ್ಚಲ್ಲ. ಆ ಕಡೆ ಬಸ್ಸಿನ ಸದ್ದು. ಅವನು ಹಣೆಯನ್ನು ಗೋಡೆಗೆ ಆನಿಸಿ ನಿಂತ. ಅಕ್ಕ, ವೈದ್ಯರು ಎರಡು ಸಲ ನೋಡಿದರೇ ಎಂದು ಕೇಳಿದಳು. ನೋಡಿದರು ಎಂದ.

“ನಾನು ಬಂದಾಗ ಅವನ ಮುಖ ಇರುತ್ತಲ್ವಾ?”

“ಇರುತ್ತೆ ಅಕ್ಕ.”

“ಅಷ್ಟು ಸಾಕು ನಂಗೆ. ಕೊಟ್ಬಿಡೋ. ನನಗೋಸ್ಕರ ಕಾಯ್ಬೇಡಿ.” ಅವಳ ದನಿ ಒಡೆಯಿತು; ಮತ್ತೆ ಕೂಡಿತು. “ನಂಗೆ ಸುಳ್ಳು ಹೇಳಿದ್ಯಲ್ಲ, ಅದನ್ನ ಬಂದು ವಿಚಾರಿಸ್ಕೋತೀನಿ.”

ಮೊದಲು ಹೆಂಡತಿ ಸಹಿ ಹಾಕಿದಳು. ಸಾಕ್ಷಿಯಾಗಿ ಐಸಣ್ಣ.

ಸಂಜೆಯ ಬೆಳಕಿರುವಾಗಲೇ ಪೆಟ್ಟಿಗೆ ಹೊರಟಿತು. ಇಬ್ಬರು ಹಿಡಿದು ಓಡುವಷ್ಟು ಸಣ್ಣದು. ಆಸ್ಪತ್ರೆಯ ಗೇಟಿನಲ್ಲಿ ಎಂದಿನಂತೆ ಆಟೋಗಳು, ತಳ್ಳುಗಾಡಿಗಳು, ಅಡ್ಡ ನಿಲ್ಲಿಸಿದ ಬೈಕುಗಳು. ಆಂಬುಲೆನ್ಸಿನ ಸದ್ದು ಕೇಳಿದ್ದೇ ಐಸಣ್ಣ ಎಲ್ಲರಿಗಿಂತ ಮುಂಚೆ ರಸ್ತೆಗಿಳಿದ. ಬೈಕೊಂದನ್ನು ಎತ್ತಿ ಪಕ್ಕಕ್ಕಿಟ್ಟ, ತಳ್ಳುಗಾಡಿಗೆ ಹೆಗಲು ಕೊಟ್ಟು ಸರಿಸಿದ, ಎರಡೂ ಕೈ ಚಾಚಿ ವಾಹನಗಳನ್ನು ತಡೆದ. ಯಾರೋ ರೇಗಿದರು. ಅವನು ತಿರುಗಿ ಜಗಳವಾಡಲಿಲ್ಲ.

“ಸ್ವಲ್ಪ ದಾರಿ ಬಿಡ್ರಪ್ಪ. ನನ್ನ ತಮ್ಮ ಹೊರಟಿದಾನೆ.”

ಮರುದಿನ ಅಕ್ಕ ಬಂದು ತಮ್ಮನ ಮುಖವನ್ನು ಕಣ್ತುಂಬ ನೋಡಿದಳು. ಆಮೇಲೆ, ತಲುಪಿತಾ ಎಂದು ಕೇಳಿದಳು. ಯಾರಿಗೆಂದು ಹೇಳುವಂತಿಲ್ಲ, ಆದರೆ ಹೊತ್ತಿಗೆ ತಲುಪಿದೆ, ಬಡಿಯುತ್ತಿದೆ ಎಂದಳು ಸಂಯೋಜಕಿ. ಅಕ್ಕ, ಐಸಣ್ಣ, ಚೂರಣ್ಣನ ಹೆಂಡತಿ ಮೂವರೂ ಅಲ್ಲಿಯೇ, ಒಬ್ಬರಿಗೊಬ್ಬರು ಕೇಳುವಂತೆ, ತಮಗೇನಾದರೂ ಆದರೆ ಏನು ಮಾಡಬೇಕೆಂಬ ಇಚ್ಛೆಯನ್ನು ಹೇಳಿಕೊಂಡರು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ಈ ಮನೆಗೆ ಒಂದು ಫೋನು ಸಾಕಾಯಿತು. ಎಷ್ಟೋ ಮನೆಗಳಲ್ಲಿ ಹೇಳಬೇಕಾದವರು ಹೇಳಿರುವುದಿಲ್ಲ, ಕೇಳಬೇಕಾದವರು ದಾರಿಯಲ್ಲಿರುತ್ತಾರೆ, ಆ ಹೊತ್ತು ಕಳೆದುಹೋಗುತ್ತದೆ. ಅಂಗದಾನಕ್ಕೆ ಹೆಸರು ನೋಂದಾಯಿಸಿ. ಅಷ್ಟಕ್ಕೇ ಬಿಡಬೇಡಿ, ನಾಳೆ ನಿಮ್ಮ ಪರವಾಗಿ ಉತ್ತರ ಕೊಡಬೇಕಾದವರು ನಿಮ್ಮ ಮನೆಯವರು. ಇಂದು ಊಟಕ್ಕೆ ಕುಳಿತಾಗ ಅವರ ಮುಖ ನೋಡಿ ಹೇಳಿ: “ನನಗೇನಾದ್ರೂ ಆದ್ರೆ, ಕೊಟ್ಬಿಡಿ.” ಅವರು “ಬಿಡ್ತು ಅನ್ನು” ಎಂದು ಗದರಬಹುದು. ಗದರಲಿ. ಮಾತು ಕಿವಿಗೆ ಬಿದ್ದಿರುತ್ತದೆ.